ಬೆಟ್ಟದೂರಿನ ವಿಮಾನ ನಿಲ್ದಾಣ: ಆಸ್ಪೆನ್ನಿನ ನಿದರ್ಶನ

ವಿಮಾನ ನಿಲ್ದಾಣವೆಂದೊಡನೆ ಮುಂಬಯಿ, ದೆಹಲಿಗಳಂತಹ ಮಹಾನಗರಗಳ ವಿಸ್ತಾರವಾದ ನಿಲ್ದಾಣಗಳೇ ಓದುಗರ ಕಣ್ಣೆದುರು ಮೂಡುವುದು ಸಹಜ. ಆದರೆ ಜಗತ್ತಿನ ನಿಲ್ದಾಣಗಳಲ್ಲಿ ಬಹುಪಾಲು ಚಿಕ್ಕವು: ಒಂದೇ ರನ್‌ವೇ, ಒಂದೆರಡು ಕಟ್ಟಡ, ಇಂಧನದ ಕೊಳಾಯಿ, ಬೆರಳೆಣಿಕೆಯ ಸಿಬ್ಬಂದಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾರ್ವಜನಿಕರ ಬಳಕೆಗೆ ತೆರೆದಿರುವ ಸುಮಾರು ಐದು ಸಾವಿರ ನಿಲ್ದಾಣಗಳಿವೆ. ಅವುಗಳಲ್ಲಿ ನಿಯತ ವೇಳೆಯ ಪ್ರಯಾಣಿಕ ವಿಮಾನಗಳನ್ನು ಕಾಣುವವು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಅಲ್ಲಿ ಇವುಗಳ ಒಡೆಯರು ಬಹುತೇಕ ಸ್ಥಳೀಯ ಸಂಸ್ಥೆಗಳೇ. ಊರಿನ ನೀರು, ಬೀದಿ, ಚರಂಡಿಗಳನ್ನು ನೋಡಿಕೊಳ್ಳುವ ಪುರಸಭೆಯೋ ಜಿಲ್ಲಾಡಳಿತವೋ ವಿಮಾನ ನಿಲ್ದಾಣವನ್ನೂ ನೋಡಿಕೊಳ್ಳುತ್ತದೆ. ಈ ವ್ಯವಸ್ಥೆಯ ಗುಣದೋಷಗಳು ಅತ್ಯಂತ ನಿಚ್ಚಳವಾಗಿ ಕಾಣುವುದು ಬೆಟ್ಟದೂರುಗಳಲ್ಲಿ. ಅಲ್ಲಿ ಪ್ರಕೃತಿ ತಪ್ಪನ್ನು ಕ್ಷಮಿಸುವುದಿಲ್ಲ, ಊರೂ ಚಿಕ್ಕದು, ಬರುವವರು ಮಾತ್ರ ಬಹುಮಂದಿ. ಕೊಲರಾಡೊ ಸಂಸ್ಥಾನದ ಆಸ್ಪೆನ್ ಇದಕ್ಕೆ ತಕ್ಕ ನಿದರ್ಶನ.

೧. ಊರು ಮತ್ತು ನಿಲ್ದಾಣ

ಆಸ್ಪೆನ್ ೧೮೭೯ರಲ್ಲಿ ಬೆಳ್ಳಿಯ ಗಣಿಗಾಗಿ ಹುಟ್ಟಿದ ಊರು. ೧೮೯೩ರಲ್ಲಿ ಬೆಳ್ಳಿಯ ಬೆಲೆ ಕುಸಿದಾಗ ಅದರ ಭಾಗ್ಯವೂ ಕುಸಿಯಿತು. ಮುಂದಿನ ಅರ್ಧ ಶತಮಾನ ಅದು ಬರಿದಾದ ಗಣಿಯೂರಾಗಿಯೇ ಉಳಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಷಿಕಾಗೊ ನಗರದ ಉದ್ಯಮಿ ವಾಲ್ಟರ್ ಪೇಪ್ಕಿ ಅಲ್ಲಿಗೆ ಬಂದು, ಹಿಮದಲ್ಲಿ ಜಾರುವ ಕ್ರೀಡೆಯನ್ನೂ ವಿದ್ವತ್ಸಭೆಗಳನ್ನೂ ಒಂದೇ ಊರಿನಲ್ಲಿ ನೆಲೆಗೊಳಿಸಲು ಯತ್ನಿಸಿದನು. ೧೯೪೯ರಲ್ಲಿ ಗಯಟೆ ಮಹಾಕವಿಯ ದ್ವಿಶತಮಾನೋತ್ಸವ ಅಲ್ಲಿ ಜರುಗಿದಾಗ ಆಲ್ಬರ್ಟ್ ಷ್ವೈಟ್ಸರ್ ಅದಕ್ಕಾಗಿ ಸಾಗರವನ್ನು ದಾಟಿ ಬಂದಿದ್ದನು. ಖಾಸಗಿ ಜಲ್ಲಿಯ ಪಟ್ಟಿಯಾಗಿ ಮೊದಲಾದ ವಿಮಾನ ನಿಲ್ದಾಣ ೧೯೫೦ರ ದಶಕದಲ್ಲಿ ಪಿಟ್ಕಿನ್ ಕೌಂಟಿಯ, ಎಂದರೆ ಆ ಪ್ರದೇಶದ ಜಿಲ್ಲಾಡಳಿತದ, ವಶಕ್ಕೆ ಬಂದಿತು. ೨೦೨೦ರ ಜನಗಣತಿಯಂತೆ ಊರಿನ ಜನಸಂಖ್ಯೆ ಸುಮಾರು ೭,೦೦೦. ಇಡೀ ಕೌಂಟಿಯದು ೧೭,೦೦೦ಕ್ಕೆ ತುಸು ಮೇಲೆ. ನಮ್ಮಲ್ಲಿಯ ಒಂದು ದೊಡ್ಡ ಹೋಬಳಿಗೂ ಇಷ್ಟು ಜನರಿರುವುದುಂಟು. ಅಷ್ಟು ಮಂದಿಯ ಚುನಾಯಿತ ಪ್ರತಿನಿಧಿಗಳ ಕೈಯಲ್ಲಿ ಜೆಟ್ ವಿಮಾನಗಳು ಬಂದಿಳಿಯುವ ನಿಲ್ದಾಣವೊಂದರ ಹೊಣೆಯಿದೆ.

ನಿಲ್ದಾಣ ಸಮುದ್ರಮಟ್ಟದಿಂದ ೭,೮೩೮ ಅಡಿ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು ೧,೫೦೦ ಅಡಿ ಮೇಲೆ. ಸುತ್ತಲಿನ ಪರ್ವತಗಳು ಅದಕ್ಕಿಂತ ಇನ್ನೂ ಐದಾರು ಸಾವಿರ ಅಡಿ ಏರಿ ನಿಂತಿವೆ. ಕಣಿವೆಯೊಳಗೆ ಒಂದೇ ಒಂದು ರನ್‌ವೇ: ಉದ್ದ ೮,೦೦೬ ಅಡಿ, ಅಗಲ ೧೦೦ ಅಡಿ. ಅದು ಸಮತಲವೂ ಅಲ್ಲ. ಒಂದು ತುದಿ ಇನ್ನೊಂದಕ್ಕಿಂತ ಸುಮಾರು ೧೬೦ ಅಡಿ ಎತ್ತರದಲ್ಲಿದೆ.

೨. ತೆಳುವಾದ ಗಾಳಿಯ ಲೆಕ್ಕ

ಬೆಟ್ಟದ ನಿಲ್ದಾಣದ ಸಮಸ್ತ ಸಮಸ್ಯೆಗಳಿಗೂ ಮೂಲ ಗಾಳಿಯ ಸಾಂದ್ರತೆ. ವಿಮಾನದ ರೆಕ್ಕೆ ಎತ್ತುವ ಬಲವನ್ನು ಪಡೆಯುವುದು ಗಾಳಿಯಿಂದ. ಎಂಜಿನ್ ಉಸಿರಾಡುವುದೂ ಅದೇ ಗಾಳಿಯನ್ನು. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ. ಬಿಸಿಯಾದರೆ ಇನ್ನಷ್ಟು ತೆಳುವಾಗುತ್ತದೆ. ಆದುದರಿಂದ ವಿಮಾನಚಾಲಕರು ನೆಲದ ಎತ್ತರವನ್ನಷ್ಟೇ ಗಣಿಸದೆ ‘ಸಾಂದ್ರತೆಯ ಎತ್ತರ’ ಎಂಬ ಇನ್ನೊಂದು ಅಳತೆಯನ್ನು ಬಳಸುತ್ತಾರೆ. ಆ ಹೊತ್ತಿನ ಗಾಳಿ ಎಷ್ಟು ತೆಳುವಾಗಿದೆಯೋ ಅಷ್ಟು ತೆಳುವಾದ ಗಾಳಿ ಸಾಮಾನ್ಯ ವಾತಾವರಣದಲ್ಲಿ ಯಾವ ಎತ್ತರದಲ್ಲಿ ಸಿಗುವುದೋ ಅದೇ ಆ ಹೊತ್ತಿನ ಸಾಂದ್ರತೆಯ ಎತ್ತರ.

ಲೆಕ್ಕ ಸರಳವಾದುದು. ಸಮುದ್ರಮಟ್ಟದಲ್ಲಿ ೧೫ ಡಿಗ್ರಿ ಸೆಂಟಿಗ್ರೇಡ್ ಇರುವ ಸಾಮಾನ್ಯ ವಾತಾವರಣ ಪ್ರತಿ ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ತಣ್ಣಗಾಗುತ್ತದೆ. ಹಾಗಾದರೆ ಆಸ್ಪೆನ್ನಿನ ಎತ್ತರದಲ್ಲಿ ಇರತಕ್ಕ ಉಷ್ಣತೆ ಹೆಚ್ಚುಕಡಮೆ ಸೊನ್ನೆ ಡಿಗ್ರಿ. ಬೇಸಗೆಯ ಮಧ್ಯಾಹ್ನ ಅಲ್ಲಿ ೨೫ ಡಿಗ್ರಿ ಇದ್ದಿತೆನ್ನೋಣ. ಹೆಚ್ಚಾದ ಪ್ರತಿ ಡಿಗ್ರಿಗೆ ಸುಮಾರು ೧೨೦ ಅಡಿಯಂತೆ ಮೂರು ಸಾವಿರ ಅಡಿ ಕೂಡಿಸಬೇಕು. ನೆಲ ೭,೮೩೮ ಅಡಿಯಲ್ಲಿದ್ದರೂ ವಿಮಾನದ ಪಾಲಿಗೆ ಅದು ಸುಮಾರು ೧೦,೯೦೦ ಅಡಿ. ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಗಿಂತ ನೂರಕ್ಕೆ ೨೮ರಷ್ಟು ತೆಳು. ಇಂತಹ ಗಾಳಿಯಲ್ಲಿ ಅದೇ ತೂಕವನ್ನು ರೆಕ್ಕೆ ಹೊರಬೇಕಾದರೆ ವಿಮಾನ ನೂರಕ್ಕೆ ೧೮ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ಇಳಿದ ಮೇಲೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಆ ಹೊರೆ ನೂರಕ್ಕೆ ೪೦ರಷ್ಟು ಏರುತ್ತದೆ. ಏರುವಾಗಲೂ ಕಷ್ಟವೇ: ಹೆಚ್ಚು ವೇಗ ಬೇಕು, ಆದರೆ ಆ ವೇಗವನ್ನು ಒದಗಿಸುವ ಎಂಜಿನ್ನಿನ ಬಲವೇ ಕುಗ್ಗಿರುತ್ತದೆ.

ಕನ್ನಡಿಗರಿಗೆ ಪರಿಚಿತವಾದ ಒಂದು ಹೋಲಿಕೆಯಿಂದ ಇದು ಮನದಟ್ಟಾಗುವುದು. ಮಂಗಳೂರಿನ ಬಜಪೆಯಲ್ಲಿ ದೊಡ್ಡ ವಿಮಾನಗಳು ಇಳಿಯುವ ರನ್‌ವೇಯ ಉದ್ದ ೨,೪೫೦ ಮೀಟರು. ಆಸ್ಪೆನ್ನಿನದು ೨,೪೪೦ ಮೀಟರು. ಅಳತೆಯಲ್ಲಿ ಎರಡೂ ಒಂದೇ. ಆದರೆ ಬಜಪೆ ಸಮುದ್ರಮಟ್ಟಕ್ಕೆ ಕೆಲವು ನೂರು ಅಡಿ ಮೇಲಷ್ಟೇ ಇದೆ. ಅಲ್ಲಿ ನೂರೆಂಬತ್ತು ಜನರನ್ನು ಹೊತ್ತು ಹೊರಡಬಲ್ಲ ರನ್‌ವೇಯ ಉದ್ದವೇ ಆಸ್ಪೆನ್ನಿನಲ್ಲಿ ಎಪ್ಪತ್ತು ಜನರ ಪುಟ್ಟ ಜೆಟ್ಟಿಗೂ ಬಿಸಿಲೇರಿದ ದಿನ ಬಿಗಿಯೆನಿಸುತ್ತದೆ. ಆಗ ಕೆಲವು ಆಸನಗಳನ್ನು ಖಾಲಿ ಬಿಟ್ಟು, ಸಾಮಾನು ಇಳಿಸಿ ಹೊರಡುವುದೊಂದೇ ದಾರಿ.

ಆಸ್ಪೆನ್ನಿನಿಂದ ಪರ್ವತದಾಚೆಗಿರುವ ಲೆಡ್‌ವಿಲ್ ಎಂಬ ಊರಿನ ನಿಲ್ದಾಣ ೯,೯೩೪ ಅಡಿಯಲ್ಲಿದ್ದು, ಉತ್ತರ ಅಮೆರಿಕದ ಸಾರ್ವಜನಿಕ ನಿಲ್ದಾಣಗಳಲ್ಲೆಲ್ಲ ಅತಿ ಎತ್ತರದ್ದೆಂದು ಹೆಸರಾಗಿದೆ. ಬೇಸಗೆಯಲ್ಲಿ ಅದರ ಸಾಂದ್ರತೆಯ ಎತ್ತರ ೧೩,೦೦೦ ಅಡಿಯನ್ನು ಮುಟ್ಟುವುದುಂಟು. ಈ ಕೊರತೆಯನ್ನೇ ಆ ಊರು ಬಂಡವಾಳ ಮಾಡಿಕೊಂಡಿದೆ. ಹೊಸ ಹೆಲಿಕಾಪ್ಟರು, ವಿಮಾನಗಳನ್ನು ತೆಳುಗಾಳಿಯಲ್ಲಿ ಪರೀಕ್ಷಿಸಲು ತಯಾರಕರು ಅಲ್ಲಿಗೆ ಬರುತ್ತಾರೆ. ಅವರು ಕೊಳ್ಳುವ ಇಂಧನ ನಿಲ್ದಾಣದ ಆದಾಯಕ್ಕೆ ಒದಗುತ್ತದೆ.

೩. ದಿನನಿತ್ಯದ ನಿರ್ವಹಣೆ

ಆಸ್ಪೆನ್ ಕಣಿವೆ ಒಂದು ಕಡೆ ಮುಚ್ಚಿಕೊಂಡಿದೆ. ಆದುದರಿಂದ ವಿಮಾನಗಳು ಸಾಮಾನ್ಯವಾಗಿ ವಾಯವ್ಯದಿಂದ ಬಂದು ಏರುಮುಖವಾಗಿ ಇಳಿಯುತ್ತವೆ. ಹೊರಡುವಾಗ ಇಳಿಜಾರಿನಲ್ಲಿ ಓಡಿ ಅದೇ ವಾಯವ್ಯಕ್ಕೆ ಹಾರುತ್ತವೆ. ಬರುವವರಿಗೂ ಹೋಗುವವರಿಗೂ ಒಂದೇ ಬಾಗಿಲು. ಒಬ್ಬರು ಒಳಗೆ ಬರುವ ತನಕ ಇನ್ನೊಬ್ಬರು ಕಾಯಬೇಕು. ಬೇರೆಡೆಗಳಲ್ಲಿ ಗಾಳಿಗೆ ಎದುರಾಗಿ ಇಳಿಯುವುದು ನಿಯಮ. ಇಲ್ಲಿ ಬೆಟ್ಟ ಆ ಸ್ವಾತಂತ್ರ್ಯವನ್ನು ಕಸಿದುಕೊಂಡಿದೆ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಅದನ್ನು ಸಹಿಸಿ ಇಳಿಯಬೇಕು, ಇಲ್ಲವೆ ಬೇರೆ ಊರಿಗೆ ತಿರುಗಬೇಕು. ೨೦೧೪ರ ಜನವರಿ ೫ರಂದು ಮೂವರಿದ್ದ ಖಾಸಗಿ ಜೆಟ್ಟೊಂದು ಇಂತಹ ಬಲವಾದ ಹಿಂಗಾಳಿಯಲ್ಲಿ ಇಳಿಯಹೋಗಿ ಪುಟಿದು ಅಪ್ಪಳಿಸಿತು, ಒಬ್ಬನು ಸತ್ತನು.

ಹಿಮದ ಕಾಲ ನಿಲ್ದಾಣದ ಸಿಬ್ಬಂದಿಗೆ ಪರೀಕ್ಷೆಯ ಕಾಲ. ಬೀದಿಗೆ ಚೆಲ್ಲುವ ಉಪ್ಪನ್ನು ರನ್‌ವೇಗೆ ಚೆಲ್ಲುವಂತಿಲ್ಲ. ಅದು ವಿಮಾನದ ಲೋಹವನ್ನು ತಿನ್ನುತ್ತದೆ. ಆದುದರಿಂದ ನೇಗಿಲಿನಂತಹ ಅಲಗಿನಿಂದ ಹಿಮವನ್ನು ತಳ್ಳಿ, ಯಂತ್ರದ ಪೊರಕೆಯಿಂದ ಗುಡಿಸಿ, ಮರಳನ್ನೋ ಪೊಟ್ಯಾಸಿಯಂ ಅಸಿಟೇಟಿನಂತಹ ದ್ರವವನ್ನೋ ಬಳಸಬೇಕು. ಆಮೇಲೆ ರನ್‌ವೇಯ ಪ್ರತಿ ಮೂರನೆಯ ಒಂದು ಭಾಗವನ್ನೂ ಬೇರೆಬೇರೆಯಾಗಿ ಪರಿಶೀಲಿಸಿ, ಸೊನ್ನೆಯಿಂದ ಆರರವರೆಗಿನ ಅಂಕ ಕೊಟ್ಟು ಚಾಲಕರಿಗೆ ತಿಳಿಸಬೇಕು. ಆರು ಎಂದರೆ ಒಣಗಿದ ನೆಲ. ಸೊನ್ನೆ ಎಂದರೆ ಇಳಿಯಲೇಬಾರದು. ಈ ಪದ್ಧತಿ ಅಮೆರಿಕದಲ್ಲಿ ೨೦೧೬ರಿಂದಲೂ, ಅಂತರರಾಷ್ಟ್ರೀಯವಾಗಿ ೨೦೨೧ರಿಂದಲೂ ಜಾರಿಯಲ್ಲಿದೆ. ಬೇಲಿ ಹಾರಿ ಬರುವ ಜಿಂಕೆ, ಬಿರುಕಿನಲ್ಲಿ ಮೊಳೆಯುವ ಹುಲ್ಲು, ಆರಿಹೋದ ದೀಪ, ವಿಮಾನದ ದಾರಿಗೆ ಅಡ್ಡವಾಗಿ ಬೆಳೆದ ಮರ, ಇವೆಲ್ಲವನ್ನೂ ಪ್ರತಿದಿನ ನೋಡುವವರು ಬೇಕು.

ಇಷ್ಟಾದರೂ ಸಾಲದೆಂಬುದನ್ನು ೨೦೦೧ರ ಮಾರ್ಚ್ ೨೯ರ ದುರಂತ ತೋರಿಸಿಕೊಟ್ಟಿತು. ಲಾಸ್ ಏಂಜಲೀಸಿನಿಂದ ಬಾಡಿಗೆಗೆ ಹೊರಟ ಗಲ್ಫ್‌ಸ್ಟ್ರೀಮ್ ಜೆಟ್ಟೊಂದು ಮುಸ್ಸಂಜೆಯ ಹಿಮಪಾತದಲ್ಲಿ ರನ್‌ವೇಗೆ ಮುನ್ನವೇ ಬೆಟ್ಟದ ಇಳಿಜಾರಿಗೆ ಅಪ್ಪಳಿಸಿ, ಅದರಲ್ಲಿದ್ದ ೧೮ ಮಂದಿಯೂ ಮಡಿದರು. ರನ್‌ವೇ ಕಣ್ಣಿಗೆ ಬೀಳದಿದ್ದರೂ ಚಾಲಕರು ನಿಗದಿಯಾದ ಕನಿಷ್ಠ ಎತ್ತರಕ್ಕಿಂತ ಕೆಳಗಿಳಿದುದೇ ಕಾರಣವೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ನಿರ್ಣಯಿಸಿತು. ಆದರೆ ಮಂಡಲಿ ಅಲ್ಲಿಗೇ ನಿಲ್ಲಲಿಲ್ಲ. ಆ ಇಳಿಯುವ ಕ್ರಮವನ್ನು ರಾತ್ರಿಯಲ್ಲಿ ನಿಷೇಧಿಸುವ ಪ್ರಕಟಣೆ ಎರಡು ದಿನ ಮುಂಚೆಯೇ ಹೊರಟಿದ್ದಿತು. ಅದರ ಮಾತು ಅಸ್ಪಷ್ಟವಾಗಿದ್ದಿತು, ಆಸ್ಪೆನ್ನಿನ ನಿಯಂತ್ರಣ ಗೋಪುರಕ್ಕೆ ಅದು ತಲುಪಿರಲೇ ಇಲ್ಲ. ವಿಮಾನ ತಡವಾಗಿ ಹೊರಟಿದ್ದಿತು. ಬಾಡಿಗೆಗೆ ಪಡೆದವರ ಒತ್ತಾಯ ಒಂದು ಕಡೆ. ಕತ್ತಲಾದ ಮೇಲೆ ಇಳಿಯಗೊಡದ ನಿಲ್ದಾಣದ ನಿರ್ಬಂಧ ಇನ್ನೊಂದು ಕಡೆ. ಇವೆಲ್ಲ ಕೂಡಿ ಚಾಲಕನ ಮೇಲೆ ಒತ್ತಡ ತಂದವೆಂದು ಮಂಡಲಿ ದಾಖಲಿಸಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ರಾತ್ರಿಯ ನಿರ್ಬಂಧ ಊರವರ ನೆಮ್ಮದಿಗಾಗಿ ಮಾಡಿದ್ದು. ಅದರ ಉದ್ದೇಶದಲ್ಲಿ ದೋಷವಿಲ್ಲ. ಆದರೂ ಗಡಿಯಾರ ನೋಡುತ್ತ ಅವಸರಪಡುವವನ ಮನಸ್ಸಿನಲ್ಲಿ ಅದೇ ನಿರ್ಬಂಧ ಅಪಾಯದ ಕಡೆಗೆ ಒಂದು ತಳ್ಳಾಯಿತು. ನಿಲ್ದಾಣವನ್ನು ನಡೆಸುವುದೆಂದರೆ ನಿಯಮವನ್ನು ಮಾಡುವುದರ ಜೊತೆಗೆ, ಆ ನಿಯಮ ಕೊನೆಯ ಹತ್ತು ನಿಮಿಷಗಳಲ್ಲಿ ಮನುಷ್ಯನನ್ನು ಏನು ಮಾಡಿಸುವುದೆಂದು ಮುಂದಾಗಿ ಯೋಚಿಸುವುದೂ ಹೌದು.

೪. ಹಣ ಮತ್ತು ಹಂಗು

ಚಿಕ್ಕ ನಿಲ್ದಾಣದ ಆದಾಯ ಹಲವು ತೊರೆಗಳಿಂದ ಬರುತ್ತದೆ: ವಿಮಾನಗಳ ಇಳಿಯುವ ಶುಲ್ಕ, ವಿಮಾನ ಕೊಟ್ಟಿಗೆಗಳ ಬಾಡಿಗೆ, ಇಂಧನ ಮಾರಾಟದ ಪಾಲು, ವಾಹನ ನಿಲ್ಲಿಸುವ ಶುಲ್ಕ. ದಿನದ ಖರ್ಚನ್ನು ಇವು ಹೇಗೋ ತೂಗಿಸಬಹುದು. ರನ್‌ವೇಯನ್ನು ಹೊಸದಾಗಿ ಹಾಕುವಂತಹ ದೊಡ್ಡ ಕೆಲಸ ಇವುಗಳಿಂದ ಆಗದು. ಅದಕ್ಕಾಗಿ ಅಮೆರಿಕದ ಕೇಂದ್ರ ಸರ್ಕಾರ ೧೯೭೦ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿತು. ಪ್ರಯಾಣಿಕರ ಟಿಕೆಟ್ಟಿನ ಮೇಲಿನ, ಇಂಧನದ ಮೇಲಿನ ತೆರಿಗೆಗಳು ಅದಕ್ಕೆ ಸೇರುತ್ತವೆ. ಅದರಿಂದ ಚಿಕ್ಕ ನಿಲ್ದಾಣಗಳ ಕಾಮಗಾರಿಗೆ ವೆಚ್ಚದ ನೂರಕ್ಕೆ ೯೦ರಷ್ಟೋ ಅದಕ್ಕಿಂತ ತುಸು ಹೆಚ್ಚೋ ದೊರೆಯುವುದುಂಟು.

ಈ ದಾನಕ್ಕೆ ಹಂಗು ಇದೆ. ಹಣ ಪಡೆದ ನಿಲ್ದಾಣ ಸಾಮಾನ್ಯವಾಗಿ ಇಪ್ಪತ್ತು ವರ್ಷಗಳ ಕಾಲ ತನ್ನ ವಾಗ್ದಾನಗಳಿಗೆ ಬದ್ಧವಾಗಿರಬೇಕು. ನಿಲ್ದಾಣವನ್ನು ಮುಚ್ಚುವಂತಿಲ್ಲ, ಅದರ ಆದಾಯವನ್ನು ಊರಿನ ಬೇರೆ ಕೆಲಸಕ್ಕೆ ಬಳಸುವಂತಿಲ್ಲ, ಒಂದು ಬಗೆಯ ವಿಮಾನಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಅನ್ಯಾಯವಾಗಿ ಮುಚ್ಚುವಂತಿಲ್ಲ. ಜಮೀನು ಕೊಳ್ಳಲು ಹಣ ಪಡೆದಿದ್ದರೆ ಹಂಗಿಗೆ ಕಾಲಮಿತಿಯೇ ಇಲ್ಲ. ೧೯೯೦ರ ಶಬ್ದ ನಿಯಂತ್ರಣ ಕಾಯಿದೆಯೂ ಇದಕ್ಕೆ ಸೇರಿಕೊಂಡಿತು. ಅದಕ್ಕೆ ಮೊದಲೇ ಇದ್ದ ರಾತ್ರಿ ನಿರ್ಬಂಧಗಳು ಉಳಿದವು. ಹೊಸದನ್ನು ಹೇರುವ ಅಧಿಕಾರ ಸ್ಥಳೀಯರ ಕೈಯಿಂದ ಬಹುಮಟ್ಟಿಗೆ ಜಾರಿತು. ಹೀಗಾಗಿ ಒಡೆತನ ಊರಿನದು, ಆಕಾಶ ಕೇಂದ್ರದ್ದು, ನೆಲದ ಬಳಕೆ ಇಬ್ಬರ ನಡುವಣ ಕರಾರಿನದು.

೫. ಸುಧಾರಣೆಯೆಂದರೇನು?

ಆಸ್ಪೆನ್ನಿನ ನಿಜವಾದ ತೊಡಕು ಇಲ್ಲಿಂದ ಹುಟ್ಟುತ್ತದೆ. ಅಲ್ಲಿನ ರನ್‌ವೇಗೂ ಅದರ ಪಕ್ಕದ ಟ್ಯಾಕ್ಸಿ ದಾರಿಗೂ ನಡುವೆ ಇರುವ ಅಂತರ ೩೨೦ ಅಡಿ. ಕೇಂದ್ರದ ಮಾನದಂಡ ಬಯಸುವುದು ೪೦೦ ಅಡಿ. ಈ ಕೊರತೆಗೆ ವಿನಾಯಿತಿ ಕೊಟ್ಟ ಕೇಂದ್ರ, ಪ್ರತಿಯಾಗಿ ೯೫ ಅಡಿಗಿಂತ ಹೆಚ್ಚು ರೆಕ್ಕೆ ಹರವಿರುವ ವಿಮಾನಗಳನ್ನು ಅಲ್ಲಿ ಇಳಿಯದಂತೆ ತಡೆಯಿತು. ಊರಿನವರಿಗೆ ಈ ಮಿತಿ ಒಂದು ಕೋಟೆಯ ಬಾಗಿಲಿನಂತಾಯಿತು. ದೊಡ್ಡ ವಿಮಾನಗಳು ಬಾರದಿದ್ದರೆ ಊರೂ ತನ್ನ ಹದ ಮೀರದು ಎಂಬ ಭಾವನೆ ಬೆಳೆಯಿತು. ಪ್ರಯಾಣಿಕರ ಭಾರವನ್ನು ಬಹುಕಾಲ ಹೊತ್ತುದು ಸಿ.ಆರ್.ಜೆ. ೭೦೦ ಎಂಬ ಎಪ್ಪತ್ತು ಆಸನಗಳ ಜೆಟ್. ಆದರೆ ಆ ಸರಣಿಯ ತಯಾರಿಕೆ ೨೦೨೦ರ ಹೊತ್ತಿಗೆ ಕೊನೆಗೊಂಡಿತು. ಇರುವ ವಿಮಾನಗಳು ಹಳತಾಗುತ್ತ ಬಂದಂತೆ, ಮುಂದೆ ಯಾವುದು ಬರಬಲ್ಲದೆಂಬ ಪ್ರಶ್ನೆ ಊರಿನ ಮುಂದೆ ನಿಂತಿತು.

ಒಂದು ಪಕ್ಷದ ವಾದ ಹೀಗೆ: ರನ್‌ವೇಯನ್ನು ೧೫೦ ಅಡಿ ಅಗಲಿಸಿ, ಟ್ಯಾಕ್ಸಿ ದಾರಿಯಿಂದ ೪೦೦ ಅಡಿ ದೂರಕ್ಕೆ ಸರಿಸಿದರೆ ಸುರಕ್ಷತೆ ಹೆಚ್ಚುವುದು, ಕೇಂದ್ರದ ಹಣ ದೊರೆಯುವುದು, ಹೊಸದಾದ ಹೆಚ್ಚು ನಿಶ್ಶಬ್ದ ವಿಮಾನಗಳು ಬರುವುವು. ಹಣವನ್ನು ನಿರಾಕರಿಸಿದರೆ ವೆಚ್ಚವೆಲ್ಲ ಊರಿನ ತಲೆಯ ಮೇಲೆ. ಇನ್ನೊಂದು ಪಕ್ಷದ ವಾದ: ಮಾನದಂಡ ಪೂರೈಸಿದ ಗಳಿಗೆಯಲ್ಲೇ ೯೫ ಅಡಿಯ ಮಿತಿ ಬಿದ್ದುಹೋಗುವುದು, ೧೧೮ ಅಡಿಯವರೆಗಿನ ವಿಮಾನಗಳು, ಶ್ರೀಮಂತರ ದೊಡ್ಡ ಖಾಸಗಿ ಜೆಟ್ಟುಗಳೂ ಸೇರಿ, ಹಕ್ಕಿನಿಂದ ಬರುವುವು, ಆಮೇಲೆ ತಡೆಯುವ ಅಧಿಕಾರ ಯಾರಿಗೂ ಇರದು. ೨೦೨೪ರ ನವೆಂಬರಿನಲ್ಲಿ ಪ್ರಶ್ನೆ ಮತದಾರರ ಮುಂದೆ ಹೋಯಿತು. ವಿಸ್ತರಣೆಗೆ ಪ್ರತಿ ಸಲವೂ ಜನರ ಮತ ಪಡೆಯಬೇಕೆಂಬ ಸೂಚನೆ ಸೋತಿತು. ನಿರ್ಧಾರದ ಅಧಿಕಾರ ಚುನಾಯಿತ ಪ್ರತಿನಿಧಿಗಳಲ್ಲೇ ಇರಲೆಂಬ ಸೂಚನೆ ಗೆದ್ದಿತು.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ರನ್‌ವೇಯ ಅಗಲ ಎಂಜಿನಿಯರನ ಪ್ರಶ್ನೆಯಂತೆ ತೋರಿದರೂ, ಊರಿಗೆ ಎಷ್ಟು ಜನ ಬರಬೇಕು, ಅಲ್ಲಿ ದುಡಿಯುವವರಿಗೆ ಮನೆ ಉಳಿಯುವುದೇ, ಬೆಟ್ಟದ ಮೌನಕ್ಕೆ ಬೆಲೆಯೆಷ್ಟು ಎಂಬ ಪ್ರಶ್ನೆಗಳು ಅದರೊಳಗೆ ಅಡಗಿವೆ. ಸುರಕ್ಷತೆಯ ಮಾತು ಬೆಳವಣಿಗೆಯ ಮುಸುಕಾಗಬಹುದು. ಬೆಳವಣಿಗೆಯ ಭಯ ಸುರಕ್ಷತೆಗೆ ಅಡ್ಡಿಯೂ ಆಗಬಹುದು.

ಸಾಮರ್ಥ್ಯ ಹೆಚ್ಚಿಸದೆ ಸುರಕ್ಷತೆ ಹೆಚ್ಚಿಸುವ ಮಾರ್ಗಗಳೂ ಇಲ್ಲದಿಲ್ಲ. ಅದೇ ಸಂಸ್ಥಾನದ ಟೆಲ್ಯುರೈಡ್ ನಿಲ್ದಾಣ ಸುಮಾರು ೯,೦೭೦ ಅಡಿ ಎತ್ತರದ ಮೇಜಿನಂತಹ ಗುಡ್ಡದ ಮೇಲಿದೆ. ತುದಿಯಲ್ಲಿ ಆಳವಾದ ಪ್ರಪಾತ. ೨೦೦೯ರಲ್ಲಿ ನಿಲ್ದಾಣವನ್ನು ಕೆಲಕಾಲ ಮುಚ್ಚಿ, ರನ್‌ವೇಯ ನಡುವೆ ಇದ್ದ ತಗ್ಗನ್ನು ಸರಿಪಡಿಸಿ, ಎರಡೂ ತುದಿಗಳಲ್ಲಿ ಹಗುರವಾದ ಕಾಂಕ್ರೀಟಿನ ಹಾಸುಗಳನ್ನು ಹಾಕಲಾಯಿತು. ಓಡಿ ಮೀರಿದ ವಿಮಾನದ ಚಕ್ರ ಅದನ್ನು ಪುಡಿಮಾಡುತ್ತ ಹೂತುಕೊಂಡು, ವೇಗವನ್ನು ಕಳೆದುಕೊಂಡು ನಿಲ್ಲುತ್ತದೆ.

೬. ಭಾರತಕ್ಕೆ ಸಲ್ಲುವ ಮಾತು

ಭಾರತದ ವ್ಯವಸ್ಥೆ ಬೇರೆ. ಇಲ್ಲಿ ಪುರಸಭೆಗಳಿಗೆ ವಿಮಾನ ನಿಲ್ದಾಣದ ಹೊಣೆಯಿಲ್ಲ. ಬಹುತೇಕ ನಾಗರಿಕ ನಿಲ್ದಾಣಗಳು ೧೯೯೫ರಲ್ಲಿ ರೂಪುಗೊಂಡ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಆಡಳಿತದಲ್ಲಿವೆ. ಭೌತವಿಜ್ಞಾನ ಮಾತ್ರ ಎಲ್ಲೆಡೆಯೂ ಒಂದೇ. ಶಿಮ್ಲಾ ಬಳಿಯ ಜುಬ್ಬರ್‌ಹಟ್ಟಿಯಲ್ಲಿ ಬೆಟ್ಟದ ನೆತ್ತಿಯನ್ನು ಕಡಿದು ಮಾಡಿದ ಮೊಟಕಾದ ರನ್‌ವೇ ೫,೦೦೦ ಅಡಿಗೂ ಮೇಲಿದೆ. ಇಳಿಯುವಾಗ ತಂದಷ್ಟು ಜನರನ್ನು ಹೊರಡುವಾಗ ಹೊರಲಾಗದ ಸ್ಥಿತಿ ಅಲ್ಲಿನದು. ೨೦೧೨ರಲ್ಲಿ ನಿಂತ ವಿಮಾನ ಸೇವೆ ೨೦೧೭ರ ಏಪ್ರಿಲ್ ೨೭ರಂದು ಉಡಾನ್ ಯೋಜನೆಯ ಸಹಾಯಧನದಿಂದ ಮತ್ತೆ ಮೊದಲಾಯಿತು. ಅರ್ಧ ಖಾಲಿಯಾಗಿ ಹಾರಬೇಕಾದ ವಿಮಾನದ ನಷ್ಟವನ್ನು ಯಾರಾದರೂ ತುಂಬಿಕೊಡಲೇಬೇಕು. ತೆಳುವಾದ ಗಾಳಿಯ ಬೆಲೆಯನ್ನು ಕೊನೆಗೆ ತೆರಿಗೆದಾರನೇ ತೆರುತ್ತಾನೆ.

ಕನ್ನಡ ನಾಡಿಗೆ ಈ ವಿಷಯ ನೋವಿನ ನೆನಪಾಗಿಯೂ ಉಳಿದಿದೆ. ೧೯೫೧ರಲ್ಲಿ ತೆರೆದ ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿನದು. ೨೦೧೦ರ ಮೇ ೨೨ರ ಮುಂಜಾನೆ ದುಬೈಯಿಂದ ಬಂದ ವಿಮಾನ ರನ್‌ವೇಯನ್ನು ಮೀರಿ ಓಡಿ ಕಮರಿಗೆ ಉರುಳಿ, ೧೬೬ ಜನರಲ್ಲಿ ೧೫೮ ಮಂದಿ ಅಸುನೀಗಿದರು. ಮತ್ತೆ ಮೇಲೇರುವಂತೆ ಸಹಚಾಲಕನು ಹೇಳಿದರೂ ಮುಖ್ಯಚಾಲಕನು ಇಳಿಸುವುದನ್ನೇ ಮುಂದುವರಿಸಿದನೆಂದು ವಿಚಾರಣೆ ಕಂಡುಕೊಂಡಿತು. ಆಸ್ಪೆನ್ನಿನ ಹಿಮಕ್ಕೂ ಬಜಪೆಯ ಸೆಕೆಗೂ ಹೋಲಿಕೆಯಿಲ್ಲ. ಆದರೆ ಎರಡೂ ಕಡೆ ನಡೆದುದು ಹಿಂತಿರುಗಬೇಕಾದ ಗಳಿಗೆಯಲ್ಲಿ ಹಿಂತಿರುಗದ ಕಥೆಯೇ. ಗುಡ್ಡದ ಮೇಲಿನ ನಿಲ್ದಾಣ ಅಂತಹ ತಪ್ಪಿಗೆ ಬಯಲಿನ ನಿಲ್ದಾಣದಷ್ಟು ಎಡೆಗೊಡದು.

ಇದರಿಂದ ಮೂರು ಮಾತುಗಳು ಸಿದ್ಧವಾಗುತ್ತವೆ. ಮೊದಲನೆಯದು, ಬೆಟ್ಟದ ನಿಲ್ದಾಣದ ಯೋಗ್ಯತೆಯನ್ನು ರನ್‌ವೇಯ ಉದ್ದದಿಂದಲೇ ಅಳೆಯಲಾಗದು. ಎತ್ತರ, ಉಷ್ಣತೆ, ಗಾಳಿ, ಇಳಿಜಾರು, ತುದಿಯ ಆಚೆ ಏನಿದೆ ಎಂಬುದು, ಇವೆಲ್ಲ ಸೇರಿ ಅಳತೆಯಾಗುತ್ತದೆ. ಎರಡನೆಯದು, ತಪ್ಪಿಗೆ ಎಡೆಯಿಡುವ ಕಾಮಗಾರಿ ಮೊದಲು ಆಗಬೇಕು, ದೊಡ್ಡ ವಿಮಾನವನ್ನು ಕರೆತರುವ ಕಾಮಗಾರಿ ಆಮೇಲೆ. ಮೂರನೆಯದು, ನಿಲ್ದಾಣದ ಸುಧಾರಣೆ ಊರಿನ ಭವಿಷ್ಯದ ತೀರ್ಮಾನವೂ ಆಗಿರುವುದರಿಂದ, ಅದರ ಲೆಕ್ಕಗಳು ಊರವರಿಗೆ ಅರ್ಥವಾಗುವ ಭಾಷೆಯಲ್ಲಿ ಅವರ ಮುಂದೆ ಇರಬೇಕು. ಹದಿನೇಳು ಸಾವಿರ ಜನರ ಒಂದು ಕೌಂಟಿ ಟ್ಯಾಕ್ಸಿ ದಾರಿಯ ಅಂತರವನ್ನು ಕುರಿತು ವರ್ಷಗಟ್ಟಲೆ ವಾದಿಸಿ ಮತ ಹಾಕಿತು. ಆ ತೀರ್ಪು ಸರಿಯೋ ತಪ್ಪೋ ಎಂಬುದನ್ನು ಕಾಲ ಹೇಳಬೇಕು. ಹೊಸ ನಿಲ್ದಾಣಗಳನ್ನು ಬಯಸುವ ಭಾರತದ ಮಲೆನಾಡಿನ, ಗುಡ್ಡಗಾಡಿನ ಊರುಗಳು ಅಂತಹ ವಾದಕ್ಕೆ ಬೇಕಾದ ತಿಳಿವಳಿಕೆಯನ್ನು ಅಡಿಗಲ್ಲು ಇಡುವ ಮುನ್ನವೇ ಪಡೆದುಕೊಳ್ಳುವುದು ಲೇಸು.